ಇರುವೆಗೆ ಚೆಲ್ಲಿದ ಪುಡಿ, ನೆಕ್ಕುವುದು ಬೆಕ್ಕು

ಮಾನ್ಯ ಸಂಪಾದಕರೇ,

ಮುಂಗಾರು ಹಿಡಿಯುತ್ತಿದ್ದಂತೆ ಇರುವೆಗಳು ಗೂಡಿಗೆ ನೀರು ನುಗ್ಗಿ ಮನೆಯೊಳಗೆ ಬರುತ್ತವೆ. ಅವುಗಳ ಹಿಂದೆಯೇ ಪತ್ರಿಕೆಗಳ ಮನೆವಾರ್ತೆ ಪುಟಗಳಲ್ಲಿ ಇರುವೆ ಓಡಿಸುವ ಉಪಾಯಗಳೂ ಬರುತ್ತವೆ. ಸೀಮೆಎಣ್ಣೆ ಬೆರೆಸಿ ನೆಲ ಒರೆಸಿ, ಮೂಲೆಗೆ ನುಸಿ ಗುಳಿಗೆ ಹಾಕಿ, ಕರ್ಪೂರ ಇಡಿ, ಗೋಡೆಯುದ್ದಕ್ಕೂ ಬಿಳಿ ಪುಡಿ ಉದುರಿಸಿ. ಇವನ್ನೆಲ್ಲ ಬರೆಯುವವರು ಮನೆಯಲ್ಲಿ ಎರಡು ಕಾಲಿನವರು ಮಾತ್ರ ಇದ್ದಾರೆಂದು ತಿಳಿದಂತಿದೆ. ನಾಯಿಗೆ, ಬೆಕ್ಕಿಗೆ ನೆಲವೇ ಹಾಸಿಗೆ, ನೆಲವೇ ಊಟದ ಎಲೆ. ಬೆಕ್ಕಂತೂ ವಿಷವನ್ನು ತಿನ್ನಬೇಕೆಂದೇನೂ ಇಲ್ಲ. ಪುಡಿಯ ಮೇಲೆ ನಡೆದುಹೋಗಿ ಸೋಫಾದ ಮೇಲೆ ಕೂತು ಪಾದ ನೆಕ್ಕಿಕೊಂಡರೆ ಸಾಕು.

ಮೊದಲು ಆ ಬಿಳಿ ಪುಡಿಯ ಮಾತು. ನಮ್ಮ ಸಂತೆಗಳಲ್ಲಿ, ಕಿರಾಣಿ ಅಂಗಡಿಗಳಲ್ಲಿ ಪೊಟ್ಟಣ ಕಟ್ಟಿ ಕೊಡುವ ಯಾವ ಪುಡಿಯನ್ನಾದರೂ ಜನ ‘ಗೆಮಾಕ್ಸಿನ್’ ಎನ್ನುತ್ತಾರೆ, ಇಲ್ಲವೇ ‘ಡಿ.ಡಿ.ಟಿ.’ ಎನ್ನುತ್ತಾರೆ. ಗೆಮಾಕ್ಸಿನ್ ಎಂದರೆ ಬಿ.ಎಚ್.ಸಿ. (ಬೆಂಜೀನ್ ಹೆಕ್ಸಾಕ್ಲೋರೈಡ್) ಎಂಬ ಕೀಟನಾಶಕ. ಅದು 1997ರಲ್ಲೇ ನಿಷೇಧವಾಯಿತು. ಅದರ ತಮ್ಮ ಲಿಂಡೇನ್ ಬಳಕೆ 2013ಕ್ಕೆ ನಿಂತಿತು. ಹಳ್ಳಿಯವರ ಬಾಯಲ್ಲಿ ಫಾಲಿಡಾಲ್ ಎಂದೇ ಉಳಿದಿರುವ ಮೀಥೈಲ್ ಪ್ಯಾರಾಥಿಯಾನ್ ಪುಡಿಗೆ 2018ರ ಆಗಸ್ಟ್‌ನಲ್ಲಿ ನಿಷೇಧ ಬಂತು. ನುವಾನ್ ಎಂದು ಕರೆಯುವ ಡೈಕ್ಲೋರ್ವಾಸ್, ಥಿಮೆಟ್ ಹರಳು ಎನ್ನುವ ಫೋರೇಟ್ ಇವೆರಡೂ 2020ರ ಡಿಸೆಂಬರ್ 31ರಿಂದ ನಿಷಿದ್ಧ. ಆದರೆ ಅಟ್ಟದ ಮೇಲಿನ ಹಳೆಯ ಡಬ್ಬಕ್ಕೆ ಕಾನೂನು ಗೊತ್ತಿಲ್ಲವಲ್ಲ. ಅಡಿಕೆ, ಬಾಳೆ ತೋಟಕ್ಕೆಂದು ತಂದು ಮಿಕ್ಕಿದ್ದು ಇರುವೆಗೆಂದು ಅಂಗಳಕ್ಕೆ ಬೀಳುತ್ತದೆ. ಥಿಮೆಟ್ ಹರಳು ಕೋಳಿಯ ಕಣ್ಣಿಗೆ ಕಾಳು. ಈಗ ಹೊಲಕ್ಕೆಂದು ಸಿಗುವ ಮ್ಯಾಲಥಿಯಾನ್, ಕ್ವಿನಾಲ್‌ಫಾಸ್, ಫೆನ್‌ವಲರೇಟ್ ಪುಡಿಗಳೂ ಬೆಳೆಯ ಮೇಲಿನ ಹುಳಕ್ಕೆ ಮಾಡಿದವು, ಅಡುಗೆಮನೆಯ ಮೂಲೆಗಲ್ಲ.

ಹೆಸರಿಲ್ಲದ ಪೊಟ್ಟಣದ ನಿಜವಾದ ತೊಂದರೆ ಗೊತ್ತಾಗುವುದು ಪಶುವೈದ್ಯರ ಮೇಜಿನ ಮುಂದೆ. ಮ್ಯಾಲಥಿಯಾನ್ ಜಾತಿಯ ರಂಜಕ (ಆರ್ಗನೊಫಾಸ್ಫೇಟ್) ಸಂಯುಕ್ತಗಳಿಗೆ ಅಟ್ರೋಪಿನ್ ಚುಚ್ಚುಮದ್ದು ಪ್ರತಿವಿಷ. ಫೆನ್‌ವಲರೇಟ್ ಸೇರಿದ ಪೈರೆಥ್ರಾಯ್ಡ್ ಎಂಬ ಇನ್ನೊಂದು ಕೀಟನಾಶಕ ಜಾತಿಗೆ ಅಂಥ ಪ್ರತಿವಿಷವೇ ಇಲ್ಲ. ನಡುಕ ತಡೆಯುತ್ತ, ಮೈಗೆ ಹತ್ತಿದ್ದನ್ನು ತೊಳೆಯುತ್ತ ದಾಟಿಸಬೇಕು. ‘ಏನೋ ಬಿಳಿ ಪುಡಿ ಸಾರ್’ ಎಂದರೆ ವೈದ್ಯರು ಯಾವ ದಾರಿ ಹಿಡಿಯಬೇಕು? ಅದಕ್ಕೇ ಲೇಬಲ್ ಇಲ್ಲದ ವಿಷ ಮನೆಯೊಳಗೆ ಬರಬಾರದು. ಲೇಬಲ್ ಇದ್ದರೆ ಅದರ ಮೇಲೆ ವಜ್ರದಾಕಾರದ ಚೌಕವೊಂದಿರುತ್ತದೆ, ಅದರ ಕೆಳ ಅರ್ಧದ ಬಣ್ಣ ನೋಡಿ: ಕೆಂಪು ಅತಿ ಘೋರ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ಎಂದರೆ ನೆಕ್ಕಬಹುದು ಎಂದಲ್ಲ, ಉಳಿದವಕ್ಕಿಂತ ಕಡಿಮೆ ವಿಷ ಎಂದಷ್ಟೇ.

ಗೆರೆ ಎಳೆಯುವ ಚಾಕ್ ಕಡ್ಡಿಯನ್ನು ಹೆಚ್ಚಿನವರು ವಿಷವೆಂದೇ ಎಣಿಸುವುದಿಲ್ಲ, ಶಾಲೆಯ ಸೀಮೆಸುಣ್ಣದಂತೆ ಕಾಣುತ್ತದಲ್ಲ! ಅದರಲ್ಲಿರುವುದು ಸಾಮಾನ್ಯವಾಗಿ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಥರದ ಪೈರೆಥ್ರಾಯ್ಡ್. ಇರುವೆಗೆ ಸಿಂಪಡಿಸುವ ಒತ್ತು ಡಬ್ಬಿಗಳಲ್ಲಿಯೂ ಬಹುಪಾಲು ಇದೇ ಕುಟುಂಬ. ಮನುಷ್ಯರ, ನಾಯಿಯ ಪಿತ್ತಜನಕಾಂಗ ಈ ವಸ್ತುವನ್ನು ಬೇಗ ಒಡೆದು ಹೊರಹಾಕುತ್ತದೆ. ಬೆಕ್ಕಿನಲ್ಲಿ ಆ ಕೆಲಸಕ್ಕೆ ಬೇಕಾದ ಕಿಣ್ವ ತೀರ ಕಡಿಮೆ. ಆದ್ದರಿಂದ ನಾಯಿಗೆ ಏನೂ ಆಗದಷ್ಟು ಪ್ರಮಾಣಕ್ಕೂ ಬೆಕ್ಕು ಜೊಲ್ಲು ಸುರಿಸಿ, ಕಿವಿ ಅದುರಿಸಿ, ಮೈ ನಡುಗಿಸಿ, ಕೊನೆಗೆ ಅಪಸ್ಮಾರಕ್ಕೆ ಹೋಗಬಹುದು. ನಾಯಿಯ ಉಣ್ಣೆ ಹುಳಕ್ಕೆ ಬೆನ್ನ ಮೇಲೆ ಬಿಡುವ ಪರ್ಮೆಥ್ರಿನ್ ಹನಿಯನ್ನು ಬೆಕ್ಕಿಗೆ ಹಾಕಬಾರದು ಎನ್ನುವುದೂ ಇದೇ ಕಾರಣಕ್ಕೆ. ಮೀನಿಗೆ ಈ ಕುಟುಂಬ ಇನ್ನೂ ಕೆಟ್ಟದ್ದು. ಮೀನಿನ ತೊಟ್ಟಿಯ ಗಾಳಿ ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬಿಡುತ್ತದೆ. ಪಕ್ಕದಲ್ಲಿ ಸಿಂಪಡಿಸಿದ್ದೆಲ್ಲ ನೇರ ತೊಟ್ಟಿಗೆ.

ಇಷ್ಟು ಅಪಾಯ ಮೈಮೇಲೆ ಎಳೆದುಕೊಂಡರೂ ಇರುವೆ ಹೋಗುತ್ತದೆಯೇ? ಹೋಗುವುದಿಲ್ಲ. ಸಾಲಿನಲ್ಲಿ ಓಡಾಡುವವು ಗೂಡಿನ ಒಂದು ಚಿಕ್ಕ ಪಾಲು. ರಾಣಿ, ಮರಿಹುಳು ಎಲ್ಲ ಟೈಲ್ಸಿನ ಕೆಳಗೆ, ಕಿಟಕಿ ಚೌಕಟ್ಟಿನ ಹಿಂದೆ, ಸ್ವಿಚ್ ಬೋರ್ಡಿನ ಡಬ್ಬಿಯೊಳಗೆ ಸುಖವಾಗಿರುತ್ತವೆ. ಎರಡು ಮಿಲಿಮೀಟರಿನ, ತೆಳು ಹಳದಿ ಬಣ್ಣದ ಫರೋ ಇರುವೆಗಳ ಗೂಡಿನಲ್ಲಿ ಹಲವು ರಾಣಿಗಳಿರುತ್ತವೆ. ಸ್ಪ್ರೇ ಹೊಡೆದರೆ ಗೂಡು ಒಡೆದು, ಒಂದೊಂದು ರಾಣಿಯೂ ತನ್ನ ಗುಂಪು ಕಟ್ಟಿಕೊಂಡು ಬೇರೆ ಬೇರೆ ಕೋಣೆಗೆ ಸಂಸಾರ ಹೂಡುತ್ತದೆ. ಅಡುಗೆಮನೆಯಲ್ಲಿದ್ದದ್ದು ಮಲಗುವ ಮನೆಗೂ ಬಂತು ಎಂಬ ದೂರಿನ ಹಿಂದೆ ಹಲವು ಸಲ ಸ್ಪ್ರೇ ಡಬ್ಬಿ ಇರುತ್ತದೆ.

ಪ್ರಾಣಿಗಳಿರುವ ಮನೆಯಲ್ಲಿ ವಿಷ ಅತಿ ಕಡಿಮೆ ಇರಬೇಕು, ನಿಧಾನದ್ದಾಗಿರಬೇಕು, ಡಬ್ಬಿಯೊಳಗಿರಬೇಕು. ಇರುವೆಗಳೇ ಅದನ್ನು ಹೊತ್ತು ಗೂಡಿಗೆ ಒಯ್ಯಬೇಕು. ಇದಕ್ಕೆ ಕೈಗೆಟಕುವ ವಸ್ತು ಬೋರಿಕ್ ಪುಡಿ. ಔಷಧಿ ಅಂಗಡಿಯಲ್ಲಿ ಕೇಳಿ ತನ್ನಿ. ಕೇರಂ ಪುಡಿ ಎಂದು ಮಾರುವುದೆಲ್ಲ ಬೋರಿಕ್ ಅಲ್ಲ, ಕೆಲವು ಬರೀ ಪಿಷ್ಟ. ಡಬ್ಬಿ ಓದಿಯೇ ಕೊಳ್ಳಿ. ಬೋರಿಕ್ ಸಿಗದಿದ್ದರೆ ಅಕ್ಕಸಾಲಿಗರು ಬಳಸುವ ಬಿಳಿಗಾರ ಆದೀತು, ಆದರೆ ಅದರಲ್ಲಿ ಬೋರಾನ್ ಅಂಶ ಕಡಿಮೆಯಾದ್ದರಿಂದ ಒಂದೂವರೆ ಪಾಲು ಬೇಕು. ಕ್ಷೌರದಂಗಡಿಯ ಪಟಿಕ ಬೇರೆ ವಸ್ತು, ಅದರಿಂದ ಏನೂ ಆಗದು.

ಅಳತೆ ಹೀಗೆ. ಬಿಸಿ ನೀರು 100 ಮಿಲಿ. ಬೋರಿಕ್ ಪುಡಿ 1 ಗ್ರಾಂ, ಅಂದರೆ ಟೀ ಚಮಚದ ಕಾಲು ಭಾಗ, ಒತ್ತಿ ತುಂಬದೆ ಮಟ್ಟಸವಾಗಿ. ಮೊದಲು ಅದು ಪೂರ್ತಿ ಕರಗಬೇಕು, ತಣ್ಣೀರಿನಲ್ಲಿ ಸುಲಭಕ್ಕೆ ಕರಗದು. ಆಮೇಲೆ ಸಕ್ಕರೆ ಐದು ಟೀ ಚಮಚ. ಬೆಲ್ಲವೂ ನಡೆಯುತ್ತದೆ, ಬೇಗ ಹುಳಿಬರುತ್ತದೆ ಅಷ್ಟೆ. ಸಕ್ಕರೆ ಕಾಯಿಲೆಯವರ ಸಿಹಿ ಪುಡಿಯನ್ನು ಮಾತ್ರ ಹಾಕಬೇಡಿ. ಅದರಲ್ಲಿ ಕ್ಸೈಲಿಟಾಲ್ ಇದ್ದರೆ ನಾಯಿಗೆ ಅದೇ ದೊಡ್ಡ ವಿಷ. ಕುಡಿಯುವ ನೀರಿನ ಬಾಟಲಿಗೆ ತುಂಬಿಡುವುದೂ ಬೇಡ. ಬೇರೆ ಸೀಸೆಗೆ ಹಾಕಿ, ಮೇಲೆ ಬರೆದು, ಮಕ್ಕಳಿಗೆ ಎಟುಕದಲ್ಲಿಡಿ.

‘ಇನ್ನೊಂದು ಚಮಚ ಹೆಚ್ಚೇ ಹಾಕೋಣ, ಬೇಗ ಸಾಯಲಿ’ ಎನ್ನುವ ಕೈಯೇ ಈ ಉಪಾಯವನ್ನು ಕೆಡಿಸುವುದು. ಇರುವೆ ಕುಡಿದದ್ದನ್ನು ಹೊಟ್ಟೆಯ ಮುಂಚೀಲದಲ್ಲಿ ಹೊತ್ತು, ಗೂಡಿನಲ್ಲಿ ಬಾಯಿಯಿಂದ ಬಾಯಿಗೆ ಹಂಚುತ್ತದೆ. ಮರಿಗೂ ರಾಣಿಗೂ ತಲುಪಲು ದಿನಗಳು ಬೇಕು. ಗಾಢವಾದರೆ ಒಂದೋ ಇರುವೆ ಮೂಸಿ ನೋಡಿ ಹಿಂದೆ ಸರಿಯುತ್ತದೆ, ಇಲ್ಲವೇ ದಾರಿಯಲ್ಲೇ ಸಾಯುತ್ತದೆ. ಈ ಪಾಕದಲ್ಲಿ ಅದ್ದಿ ಡಬ್ಬಿಯೊಳಗಿಡುವ ಹತ್ತಿ ಒಣಗಿದರೂ ಇದೇ ಕತೆ: ನೀರು ಆರಿಹೋಗಿ ಪುಡಿಯ ಪ್ರಮಾಣ ಏರುತ್ತದೆ. ಎರಡು ದಿನಕ್ಕೊಮ್ಮೆ ಹತ್ತಿ ಬದಲಿಸಬೇಕು ಎನ್ನುವುದು ಅದಕ್ಕೇ.

ಇನ್ನು ಡಬ್ಬಿ. ತಿರುಗಿಸಿ ಮುಚ್ಚುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಬೇಕು, ಒತ್ತಿ ಕೂರಿಸುವ ಮುಚ್ಚಳ ನಾಯಿಯ ಒಂದು ಹೊಡೆತಕ್ಕೆ ಹಾರುತ್ತದೆ. ಕಾಯಿಸಿದ ಮೊಳೆಯಿಂದ, ತಳದಿಂದ ಅರ್ಧ ಸೆಂಟಿಮೀಟರ್ ಮೇಲೆ, ಮೂರು ಮಿಲಿಮೀಟರಿನ ನಾಲ್ಕು ತೂತು. ತಳಕ್ಕೇ ತೂತು ಕೊರೆದರೆ ಪಾಕ ಸೋರಿ ನೆಲಕ್ಕೆ ಬರುತ್ತದೆ, ನಾಯಿ ನೆಕ್ಕುವುದು ಅದನ್ನೇ. ಒಳಗೆ ಎರಡು ಹತ್ತಿ ಉಂಡೆ, ಒಂದೊಂದಕ್ಕೂ ಸುಮಾರು 5 ಮಿಲಿ ಪಾಕ. ಎತ್ತಿ ಹಿಡಿದರೆ ತೊಟ್ಟಿಕ್ಕುವಷ್ಟು ಬೇಡ. ಡಬ್ಬಿಯನ್ನು ಎರಡೂ ಬದಿ ಅಂಟುವ ಟೇಪಿನಿಂದ ನೆಲಕ್ಕೆ ಅಂಟಿಸಿ. ಕಂಡದ್ದನ್ನೆಲ್ಲ ಕಚ್ಚುವ ಮರಿಯಿದ್ದರೆ ವೈರಿಂಗ್‌ಗೆ ಬಳಸುವ ಪಿ.ವಿ.ಸಿ. ಪೈಪಿನ ಒಂದು ಗೇಣು ತುಂಡು ತೆಗೆದುಕೊಂಡು, ನಡುವೆ ಹತ್ತಿ ತಳ್ಳಿ, ಎರಡೂ ತುದಿಗೆ ತೂತು ಮಾಡಿದ ಬಿರಡೆ ಬಡಿದು, ಫ್ರಿಜ್ಜಿನ ಹಿಂದೆ ಗೋಡೆಗೆ ಕಟ್ಟಿ. ಎರಡು ಕೋಣೆ, ಒಂದು ಅಡುಗೆಮನೆಯ ಮನೆಗೆ ಇಂಥವು ಮೂರ್ನಾಲ್ಕು ಸಾಕು. ಇಡಬೇಕಾದದ್ದು ಇರುವೆ ಸಾಲಿನ ಪಕ್ಕದಲ್ಲೇ, ನಾಯಿಯ ತಟ್ಟೆಯ ಹತ್ತಿರ ಅಲ್ಲ.

ಇದರ ವಿಷದ ಲೆಕ್ಕವೂ ತಿಳಿದಿರಲಿ. ಒಂದು ಡಬ್ಬಿಯ 10 ಮಿಲಿ ಪಾಕದಲ್ಲಿರುವ ಬೋರಿಕ್ 0.1 ಗ್ರಾಂ. ನಾಯಿ ಹೇಗೋ ಡಬ್ಬಿ ಒಡೆದು ಹತ್ತಿ ನುಂಗಿದರೂ ಮೊದಲ ಚಿಂತೆ ಆ ಹತ್ತಿಯದ್ದು, ಪ್ಲಾಸ್ಟಿಕ್ ಚೂರಿನದ್ದು. ನಿಜವಾದ ಅಪಾಯ ಕೈಗೆ ಸಿಗುವಂತೆ ಬಿಟ್ಟ ಬೋರಿಕ್ ಪುಡಿಯ ಡಬ್ಬಿ. ಅದನ್ನೇ ಮೂಲೆಮೂಲೆಗೆ ಉದುರಿಸುವವರಿದ್ದಾರೆ. ಆಗ ಗ್ರಾಂಗಟ್ಟಲೆ ಪಾದಕ್ಕೆ, ಪಾದದಿಂದ ನಾಲಗೆಗೆ ಹೋಗುತ್ತದೆ, ವಾಂತಿ ಭೇದಿ ಶುರುವಾಗುತ್ತದೆ.

ಎಲ್ಲ ಇರುವೆಗೂ ಸಿಹಿಯೇ ಬೇಕೆಂದಿಲ್ಲ. ಕಚ್ಚುವ ಕೆಂಪಿರುವೆಗೆ ಜಿಡ್ಡು, ಮಾಂಸ ಪ್ರಿಯ. ಮೊದಲೇ ಒಂದು ಪ್ಲಾಸ್ಟಿಕ್ ಚೂರಿನ ಮೇಲೆ ಈ ತುದಿಗೆ ಬರೀ ಸಕ್ಕರೆ ನೀರಿನ ಹನಿ, ಆ ತುದಿಗೆ ಹುರಿದು ಅರೆದ ಶೇಂಗಾ ಚಿಟಿಕೆ ಇಟ್ಟು ಅರ್ಧ ಗಂಟೆ ಕಾಯಿರಿ, ಎಲ್ಲಿ ಮುತ್ತುತ್ತವೋ ಅದೇ ಉತ್ತರ. ಶೇಂಗಾ ಕಡೆ ಹೋದರೆ 100 ಗ್ರಾಂ ಶೇಂಗಾ ಮುದ್ದೆಗೆ ಅದೇ 1 ಗ್ರಾಂ ಬೋರಿಕ್ ಚೆನ್ನಾಗಿ ಕಲಸಿ, ಕಡಲೆಕಾಳಿನಷ್ಟನ್ನು ಡಬ್ಬಿಯೊಳಗಿಡಿ. ಇಲ್ಲೊಂದು ಸೂಕ್ಷ್ಮವಿದೆ. ಬೆಕ್ಕಿನ ನಾಲಗೆಗೆ ಸಿಹಿ ತಿಳಿಯುವುದೇ ಇಲ್ಲ, ಆ ರುಚಿಯ ಜೀನು ಅದರಲ್ಲಿ ಕೆಟ್ಟಿದೆ. ಆದ್ದರಿಂದ ಸಕ್ಕರೆ ಪಾಕದ ಡಬ್ಬಿಯನ್ನು ಬೆಕ್ಕು ಸಾಮಾನ್ಯವಾಗಿ ಮೂಸಿಯೂ ನೋಡದು. ನಾಯಿಗೆ ಸಿಹಿಯೂ ಬೇಕು, ಶೇಂಗಾ ಎಂದರಂತೂ ಪ್ರಾಣ. ನಾಯಿಯಿರುವ ಮನೆಯಲ್ಲಿ ಶೇಂಗಾ ಡಬ್ಬಿ ಸಿಂಕಿನ ಕೆಳಗಿನ ಬಾಗಿಲು ಹಾಕುವ ಕಪಾಟಿನೊಳಗೇ ಇರಲಿ.

ಮೊದಲ ದಿನ ಇರುವೆ ಹತ್ತರಷ್ಟಾದಂತೆ ಕಾಣುತ್ತದೆ. ಹೆದರಿ ಸ್ಪ್ರೇ ಹೊಡೆದರೆ, ಫಿನಾಯಿಲ್ ಹಾಕಿ ಒರೆಸಿದರೆ ಎಲ್ಲ ಶ್ರಮ ಹೊಳೆಗೆ ಹುಣಸೆಹಣ್ಣು. ಆ ಸಾಲನ್ನು ಮುಟ್ಟದೆ ಬಿಡಬೇಕು. ಸಾಮಾನ್ಯವಾಗಿ ನಾಲ್ಕೈದು ದಿನಕ್ಕೆ ಸಾಲು ತೆಳುವಾಗುತ್ತದೆ, ಗೂಡು ಆರಿಹೋಗಲು ಎರಡು ಮೂರು ವಾರವೇ ಬೇಕು. ಫರೋ ಇರುವೆಗೆ ಇನ್ನೂ ಹೆಚ್ಚು. ಅಷ್ಟು ದಿನ ಬೇರೆ ಸಿಹಿ ಅವಕ್ಕೆ ಸಿಗಬಾರದು. ಹೊಸ್ತಿಲಿಗೆ ಅಕ್ಕಿ ಹಿಟ್ಟಿನ ರಂಗೋಲಿ ಹಾಕುವವರು ಅಲ್ಲಿಯವರೆಗೆ ಕಲ್ಲಿನ ಪುಡಿಯದ್ದು ಹಾಕಿಕೊಂಡರಾಯಿತು. ಇರುವೆಗೆ ಊಟ ಹಾಕುವ ಪುಣ್ಯ ಮೂರು ವಾರ ತಡವಾದೀತು, ಅಷ್ಟೆ. ಅಂಗಡಿಯ ಇರುವೆ ಜೆಲ್ ಬಳಸುವುದಾದರೆ ಫಿಪ್ರೊನಿಲ್ ಎಂಬ ಕೀಟನಾಶಕ 0.05 ಶೇಕಡಾ ಇರುವುದನ್ನು ಹೆಸರುಕಾಳಿನಷ್ಟು, ನಾಲಗೆ ತಲುಪದ ಬಿರುಕಿನೊಳಗೆ ಮಾತ್ರ. ಮೊಲ ಸಾಕಿದ ಮನೆಯಲ್ಲಿ ಅದೂ ಬೇಡ. ಸ್ವಿಚ್ ಬೋರ್ಡಿನೊಳಗೆ ಯಾವ ದ್ರವವನ್ನೂ ಬಿಡಬೇಡಿ.

ಇರುವೆ ಬರುವುದೇ ಪ್ರಾಣಿಗಳ ತಟ್ಟೆಯನ್ನು ಹುಡುಕಿಕೊಂಡು ಎನ್ನುವುದನ್ನು ಬಹಳ ಮನೆಗಳಲ್ಲಿ ಗಮನಿಸುವುದಿಲ್ಲ. ಬೆಳಿಗ್ಗೆ ಇಟ್ಟ ಹಾಲನ್ನ ಸಂಜೆಯವರೆಗೆ ಅಲ್ಲೇ. ಹದಿನೈದು ಇಪ್ಪತ್ತು ನಿಮಿಷದಲ್ಲಿ ತಿನ್ನದೆ ಬಿಟ್ಟದ್ದನ್ನು ಎತ್ತಿಬಿಡಿ. ಬಿಟ್ಟು ಬಿಟ್ಟು ತಿನ್ನುವ ಬೆಕ್ಕಿಗಾದರೆ ಅಜ್ಜಿಯಂದಿರು ಹಾಲಿನ ಪಾತ್ರೆಗೆ ಮಾಡುತ್ತಿದ್ದ ಉಪಾಯವೇ ಗತಿ: ಅಗಲವಾದ ತಟ್ಟೆಯಲ್ಲಿ ಒಂದು ಸೆಂಟಿಮೀಟರ್ ನೀರು, ನಡುವೆ ಬಟ್ಟಲೊಂದನ್ನು ಕವುಚಿ ಅದರ ಮೇಲೆ ಊಟದ ಬಟ್ಟಲು. ಸುತ್ತಲೂ ಎರಡು ಮೂರು ಸೆಂಟಿಮೀಟರ್ ನೀರು ಕಾಣಬೇಕು, ಬಟ್ಟಲಿನ ಅಂಚು ತಟ್ಟೆಯ ಅಂಚಿಗೆ ತಾಗಬಾರದು. ಒಂದು ಅನ್ನದ ಅಗುಳು, ಒಂದು ಕೂದಲು ಅಡ್ಡ ಬಿದ್ದರೂ ಇರುವೆಗೆ ಅದು ಸೇತುವೆ. ನೀರಿನ ಮೇಲೆ ಧೂಳು, ಜಿಡ್ಡು ಕಟ್ಟಿದರೆ ಅದರ ಮೇಲೇ ನಡೆದು ದಾಟುತ್ತವೆ, ಹಾಗಾಗಿ ನೀರು ದಿನವೂ ಬದಲಾಗಬೇಕು. ಸೊಳ್ಳೆಯ ಮರಿಯೂ ಆಗುವುದಿಲ್ಲ. ಕಪಾಟಿನ ಕಾಲಿನ ಬಟ್ಟಲಿಗೆ ಸಾಬೂನಿನ ಹನಿ ಬಿಟ್ಟರೆ ಇರುವೆ ಮುಳುಗುತ್ತದೆ, ನಿಜ. ಆದರೆ ಪ್ರಾಣಿಯ ತಟ್ಟೆಗೆ ಸಾಬೂನು ಬೇಡ, ಅದು ಆ ನೀರನ್ನೂ ಕುಡಿಯುತ್ತದೆ. ಚೀಲದ ಒಣ ಆಹಾರವನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಕ್ಕೆ ಸುರಿದಿಡಿ. ಚೀಲದ ಬಾಯಿಗೆ ಕ್ಲಿಪ್ಪು ಹಾಕಿದರೆ ಇರುವೆಗೆ ಬಾಗಿಲು ತೆರೆದಂತೆಯೇ.

ತಟ್ಟೆಯ ಸುತ್ತ ಈಗಾಗಲೇ ಮುತ್ತಿರುವವಕ್ಕೆ, ತಟ್ಟೆ ಎತ್ತಿಟ್ಟು, ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚ ಪಾತ್ರೆ ತೊಳೆಯುವ ದ್ರವ ಬೆರೆಸಿ ಚಿಮುಕಿಸಿ. ಉಸಿರಾಟದ ರಂಧ್ರಕ್ಕೆ ನೀರು ಹೋಗಿ ಅಲ್ಲೇ ಸಾಯುತ್ತವೆ. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅವು ಬಿಟ್ಟ ವಾಸನೆಯ ದಾರಿಯೂ ಅಳಿಯುತ್ತದೆ. ಪಾಕದ ಡಬ್ಬಿಯಿರುವ ಕಡೆ ಮಾತ್ರ ಈ ಕೆಲಸ ಬೇಡ. ಕಿಟಕಿಗೆ ತಾಗುವ ದಾಸವಾಳದ, ನಿಂಬೆಯ ಕೊಂಬೆ ಒಂದಡಿ ದೂರಕ್ಕೆ ಕತ್ತರಿಸಿ. ಅದರ ಮೇಲಿನ ಹಿಟ್ಟು ತಿಗಣೆ ಸುರಿಸುವ ಸಿಹಿಗೇ ಇರುವೆ ಅಲ್ಲಿ ಠಿಕಾಣಿ ಹೂಡುವುದು. ನಾಯಿಯನ್ನು ಮನೆಯೊಳಗೆ ಕಟ್ಟಿ, ಅಂಗಳದ ಕೆಂಪಿರುವೆ ಗೂಡಿಗೆ ಹತ್ತು ಹನ್ನೆರಡು ಲೀಟರ್ ಕುದಿಯುವ ನೀರು ನಿಧಾನ ಸುರಿಯಬಹುದು. ಒಂದೇ ಸಲಕ್ಕೆ ಮುಗಿಯುವುದು ಖಾತರಿಯಿಲ್ಲ, ಗಿಡದ ಬುಡವಾದರೆ ಬೇರು ಬೇಯುತ್ತದೆ. ಕಣ್ಣು ಬಿಡದ ಮರಿಗಳ ಪೆಟ್ಟಿಗೆಯನ್ನು ನೆಲದ ಮೇಲಿಡದೆ, ನೀರಿನ ಬಟ್ಟಲಲ್ಲಿ ಕಾಲಿಟ್ಟ ಸ್ಟೂಲಿನ ಮೇಲೆ, ಮರಿ ಉರುಳದಂತೆ ಅಂಚು ಕಟ್ಟಿ ಇಡಿ. ಕೆಂಪಿರುವೆ ಮುತ್ತಿದರೆ ಅವು ಓಡಲಾರವು. ಕಚ್ಚಿದ ಜಾಗ ತಣ್ಣೀರಿನಲ್ಲಿ ತೊಳೆಯಿರಿ. ನೋವಿಗೆಂದು ಪ್ಯಾರಸಿಟಮಾಲ್ ಕೊಡಬೇಡಿ, ಬೆಕ್ಕಿಗೆ ಅದು ಪ್ರಾಣಾಂತಕ.

ಮನೆಮದ್ದುಗಳ ಬಗ್ಗೆ ಚುಟುಕಾಗಿ. ಅರಿಶಿನ ಕೆಲವು ಗಂಟೆ ಸಾಲನ್ನು ತಿರುಗಿಸುತ್ತದೆ, ನಿರಪಾಯ. ಒಲೆಯ ಬೂದಿ ಒಣಗಿರುವಷ್ಟು ಹೊತ್ತು ಅಡ್ಡಗೋಡೆ. ಮಲೆನಾಡಿನ ಮಳೆಯಲ್ಲಿ ಒದ್ದೆಯಾಗಿ ಕ್ಷಾರವಾದರೆ ಪಾದ ಉರಿಯುತ್ತದೆ. ಕರ್ಪೂರ, ನುಸಿ ಗುಳಿಗೆ ಎರಡೂ ವಿಷ, ಗುಳಿಗೆ ನುಂಗಿದರೆ ರಕ್ತಕಣಗಳೇ ಒಡೆಯುತ್ತವೆ. ಪುದೀನ, ನೀಲಗಿರಿ, ಟೀ ಟ್ರೀ ಎಣ್ಣೆಗಳು ‘ನೈಸರ್ಗಿಕ’ ಎಂಬ ಹೆಸರಲ್ಲಿ ಬಂದರೂ ಬೆಕ್ಕಿಗೆ ಸಲ್ಲವು. ಫಿನಾಯಿಲ್ ಕೂಡ ಹಾಗೆಯೇ.

ಇಷ್ಟರ ಮೇಲೂ ಪ್ರಾಣಿ ವಿಷ ಮುಟ್ಟಿದರೆ, ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಬೇಡಿ. ಉಪ್ಪೇ ಇನ್ನೊಂದು ವಿಷವಾಗುತ್ತದೆ. ಹಾಲು, ತುಪ್ಪ, ಎಣ್ಣೆ ಸುರಿಯಬೇಡಿ. ನಡುಗುವ ಪ್ರಾಣಿಗೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಸೀಮೆಎಣ್ಣೆ ಕುಡಿದದ್ದಾದರೆ ವಾಂತಿ ಮಾಡಿಸಲೇಬಾರದು. ಮೈಗೆ ಹತ್ತಿದ ಪುಡಿಯನ್ನು, ಪ್ರಾಣಿಗೆ ಎಚ್ಚರವಿದ್ದರೆ, ಉಗುರು ಬೆಚ್ಚಗಿನ ನೀರು ಮತ್ತು ಪಾತ್ರೆ ತೊಳೆಯುವ ದ್ರವದಲ್ಲಿ ತೊಳೆದು, ಟವೆಲಿನಲ್ಲಿ ಸುತ್ತಿ, ಮತ್ತೆ ನೆಕ್ಕದಂತೆ ಹಿಡಿದುಕೊಂಡು ಹೊರಡಿ. ತೊಳೆಯುವವರಿಗೆ ಕೈಗವಸು ಇರಲಿ. ಜೊಲ್ಲು, ಕಣ್ಣೀರು, ಭೇದಿ, ಸೂಜಿಮೊನೆಯಂಥ ಕಣ್ಣಪಾಪೆ ಕಂಡರೆ ರಂಜಕ ಜಾತಿಯ ವಿಷದ ಅನುಮಾನ. ಅಟ್ರೋಪಿನ್ ಇದೆಯೇ ಎಂದು ಆಸ್ಪತ್ರೆಗೆ ಫೋನಿನಲ್ಲೇ ಕೇಳಿಕೊಂಡು ಹೋದರೆ ಹೊತ್ತು ಉಳಿಯುತ್ತದೆ. ಪೊಟ್ಟಣ ಜೊತೆಗಿರಲಿ.

ತಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಇರುವೆಯ ಉಪಾಯ ಅಚ್ಚು ಹಾಕುವಾಗ, ಪ್ರಾಣಿಯಿರುವ ಮನೆಗೆ ಅದು ಸಲ್ಲುತ್ತದೆಯೇ ಎಂಬ ಒಂದು ಸಾಲನ್ನೂ ಸೇರಿಸಿ. ಕೀಟನಾಶಕದ ಲೇಬಲ್ ಸ್ಥಳೀಯ ಭಾಷೆಯಲ್ಲೂ ಇರಬೇಕೆಂದು ನಿಯಮವಿದೆ. ಭೂತಗನ್ನಡಿ ಹಿಡಿದರೂ ಓದಲಾಗದ ಕನ್ನಡ ಅಕ್ಷರಗಳ ಬಗ್ಗೆ ಕೃಷಿ ಇಲಾಖೆಯನ್ನು ತಮ್ಮ ವರದಿಗಾರರು ಒಮ್ಮೆ ಕೇಳಲಿ. ಅಟ್ಟದ ಮೇಲೆ ಹಳೆಯ ಪುಡಿ ಇರುವವರು ಅದನ್ನು ಬಚ್ಚಲಿಗೆ, ಬಾವಿ ಕಟ್ಟೆಗೆ, ಹೊಳೆಗೆ ಸುರಿಯದೆ ಎರಡು ಕವರಿನಲ್ಲಿ ಬಿಗಿದು, ‘ವಿಷ’ ಎಂದು ಬರೆದು, ಹಸಿ ಕಸ ಒಣ ಕಸ ಎರಡಕ್ಕೂ ಸೇರಿಸದೆ ಪ್ರತ್ಯೇಕವಾಗಿ ಕಸದ ಗಾಡಿಯವರ ಕೈಗೆ ಹೇಳಿ ಕೊಡಿ. ಖಾಲಿಯಾದ ಡಬ್ಬವನ್ನು ತೊಳೆದು ನಾಯಿಗೆ ನೀರಿಡುವುದಕ್ಕೆ ಬಳಸುವವರಿದ್ದಾರೆ. ಅದು ಎಷ್ಟು ತೊಳೆದರೂ ಆಗದು, ತಳಕ್ಕೆ ಮೊಳೆ ಹೊಡೆದು ತೂತು ಮಾಡಿಯೇ ಎಸೆಯಿರಿ.

ಇಂತಿ,
ತಮ್ಮ ಓದುಗರು, ಶಿವಮೊಗ್ಗ